ಸಿಡಿಲಿನ ಮೇಲೆ ಬಂದ ಆಪಾದನೆ

2024ರ ಜೂನ್ 2, ಭಾನುವಾರ. ಆ ಒಂದೇ ದಿನ ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಗೆ 1891ರ ಜೂನ್ 16ರಂದು ಬರೆದಿಟ್ಟ 101.6 ಮಿಲಿಮೀಟರಿನ ದಾಖಲೆ ಅಲ್ಲಿಯವರೆಗೆ ಅಲ್ಲಾಡದೆ ಕೂತಿತ್ತು. ಊರಲ್ಲಿ ನೂರಾರು ಮರ ಉರುಳಿದವು. ಎಂ.ಜಿ. ರಸ್ತೆಯ ಬಳಿ ಮೆಟ್ರೊ ಹಳಿಯ ಮೇಲೇ ಕೊಂಬೆ ಬಿತ್ತು. ಮಂಗಳವಾರ ಲೋಕಸಭೆ ಚುನಾವಣೆಯ ಮತ ಎಣಿಕೆ. ಕರೆಂಟ್ ಇಲ್ಲದ ಮನೆಗಳಲ್ಲಿ ನೀರು, ಫ್ರಿಜ್ಜಿನ ಹಾಲು ಇವುಗಳಿಗಿಂತ ಟಿವಿಯದೇ ದೊಡ್ಡ ಚಿಂತೆ.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯ ಹಳೇ ಮನೆಯ ನೆಲಮಹಡಿಯಲ್ಲಿ ಚಿಂತೆ ಬೇರೆ ಇತ್ತು. ಆ ಮನೆಯಾಕೆ ಡಿಟಿಪಿ ಮಾಡುವವರು. ಪ್ರಕಾಶಕರು ಕಳಿಸುವ ಹಸ್ತಪ್ರತಿಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಪುಟ ಕಟ್ಟಿ, ಪ್ರೆಸ್ಸಿಗೆ ಕೊಡುವುದು ಅವರ ಕಸುಬು. ನನ್ನದೊಂದು ಪುಸ್ತಕದ ಫೈಲೂ ಅಲ್ಲಿತ್ತು, ಹಾಗಾಗಿ ಈ ಕತೆ ನನ್ನ ಕಿವಿಗೆ ಬೇಗನೆ ಬಿತ್ತು. ಸೋಮವಾರ ಮಧ್ಯಾಹ್ನ ಲೈನ್‌ಮನ್‌ಗಳು ಬಂದು ಕೊಂಬೆ ಕಡಿದು, ತಂತಿ ಜೋಡಿಸಿ ಹೋದರು. ದೀಪ ಬಂತು, ಫ್ಯಾನ್ ತಿರುಗಿತು. ಕಂಪ್ಯೂಟರಿನ ಬಟನ್ ಒತ್ತಿದರೆ ಮಾತ್ರ ಏನೂ ಇಲ್ಲ. ಬೀಪ್ ಇಲ್ಲ, ಫ್ಯಾನಿನ ಸದ್ದಿಲ್ಲ, ಮುಂದಿನ ಹಸಿರು ದೀಪವೂ ಇಲ್ಲ.

‘ಸಿಡಿಲು ಹೊಡೆದಿದೆ’ ಎಂದು ಬೀದಿಯವರೆಲ್ಲ ತೀರ್ಪು ಕೊಟ್ಟರು. ತೀರ್ಪಿಗೆ ಆಧಾರವೂ ಇತ್ತು. ಭಾನುವಾರ ಸಂಜೆ ಗುಡುಗಿದ್ದನ್ನು ಎಲ್ಲರೂ ಕೇಳಿದ್ದರು. ಗುಡುಗು ಶುರುವಾದ ಕೂಡಲೇ ಆಕೆ ಕೆಲಸ ಸೇವ್ ಮಾಡಿ ಶಟ್‌ಡೌನ್ ಕೂಡ ಮಾಡಿದ್ದರು. ‘ಆಫ್ ಆಗಿರೋ ಸಿಸ್ಟಮ್ ಹೆಂಗೆ ಸುಡುತ್ತೆ ಹೇಳಿ, ಸಿಡಿಲಲ್ಲದೆ?’ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ಅದಕ್ಕೆ ಉತ್ತರ 1995ರಲ್ಲಿದೆ. ಅದಕ್ಕೂ ಹಿಂದಿನ ಬಹುತೇಕ ಡೆಸ್ಕ್‌ಟಾಪ್‌ಗಳ ಸ್ವಿಚ್ ನಮ್ಮ ಗೋಡೆಯ ಸ್ವಿಚ್ಚಿನ ಜಾತಿಯದು, ಆರಿಸಿದರೆ 230 ವೋಲ್ಟಿನ ತಂತಿಯೇ ಕಡಿಯುತ್ತಿತ್ತು. ಆ ವರ್ಷ ಇಂಟೆಲ್ ಎಟಿಎಕ್ಸ್ ಎಂಬ ಹೊಸ ವಿನ್ಯಾಸ ತಂದಿತು. ಅಲ್ಲಿಂದ ಮುಂದೆ ಮುಂದುಗಡೆಯ ಬಟನ್ ತಂತಿ ಕಡಿಯುವುದನ್ನು ಬಿಟ್ಟು, ಮದರ್‌ಬೋರ್ಡಿಗೆ ಒಂದು ಸನ್ನೆ ಕಳಿಸುವುದಷ್ಟನ್ನೇ ಮಾಡುತ್ತದೆ. ಆ ಸನ್ನೆಗೆ ಕಾಯುತ್ತ ಕೂರಲು ಬೋರ್ಡಿಗೆ ಸ್ವಲ್ಪ ಕರೆಂಟ್ ಸದಾ ಬೇಕು. ಹಾಗಾಗಿ ಗೋಡೆಯ ಕರೆಂಟನ್ನು ಬೋರ್ಡಿಗೆ ಬೇಕಾದಂತೆ ಇಳಿಸಿಕೊಡುವ ಎಸ್‌ಎಂಪಿಎಸ್ ಒಳಗೆ 5 ವೋಲ್ಟಿನ ಒಂದು ಪುಟ್ಟ ಭಾಗ ಹಗಲೂ ರಾತ್ರಿ ಎದ್ದೇ ಇರುತ್ತದೆ. ನಾವು ಶಟ್‌ಡೌನ್ ಮಾಡಿ, ಬೆಳಗ್ಗೆ ಸೊಪ್ಪು ತರಲು ಹೋದಾಗಲೂ ಅದು ಗೋಡೆಯ ತಂತಿಗೆ ಕಚ್ಚಿಕೊಂಡೇ ಇರುತ್ತದೆ. ಗೋಡೆಯ ಸ್ವಿಚ್ ಆರಿಸದಿದ್ದರೆ, ಬೀದಿಯ ಲೈನಿನ ಮಟ್ಟಿಗೆ ಆ ಯಂತ್ರ ಆಫ್ ಆಗಿಯೇ ಇಲ್ಲ.

ಸಂಜೆ ರಿಪೇರಿ ಹುಡುಗ ಬಂದ. ಹುಡುಗ ಎಂದರೆ ಮೂವತ್ತು ದಾಟಿದವನೇ, ಆದರೆ ಆ ಬೀದಿಗೆ ಅವನು ಇನ್ನೂ ಹುಡುಗ. ಅವನು ತೋರಿದ ಸಂಯಮ ನನಗೆ ಬಹಳ ಹಿಡಿಸಿತು. ‘ಅಕ್ಕಾ, ಬೋರ್ಡ್ ಹೋಗಿದೆ ಅಂತ ಈಗ್ಲೇ ಹೇಳಲ್ಲ’ ಎಂದ. ಮೊದಲು ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಚುಚ್ಚಿ ನೋಡಿದ, ಉರಿಯಿತು. ಸ್ಪೈಕ್ ಬಸ್ಟರ್ ಡೆಡ್ ಆಗಿತ್ತು. ಅದನ್ನು ಪಕ್ಕಕ್ಕಿಟ್ಟು ಪವರ್ ಕಾರ್ಡನ್ನು ನೇರ ಗೋಡೆಗೆ ಹಾಕಿದ. ಆಗಲೂ ಸದ್ದಿಲ್ಲ. ಕಾರ್ಡ್ ಬದಲಿಸಿದ. ಸದ್ದಿಲ್ಲ.

ಇಲ್ಲಿಗೆ ಬಂದಾಗ ಬಹಳ ಜನ ಹಣೆ ಚಚ್ಚಿಕೊಂಡು ಹೊಸ ಮಶೀನಿನ ರೇಟು ವಿಚಾರಿಸುತ್ತಾರೆ. ಇವನು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಬೋರ್ಡಿನ ಮೇಲೆ ಸದಾ ಉರಿಯಬೇಕಾದ ಚಿಕ್ಕ ಎಲ್‌ಇಡಿ ನೋಡಿದ. ಆರಿತ್ತು. ಬೋರ್ಡೇ ಸತ್ತಿದ್ದರೂ ಆರಬಹುದು, ಬೋರ್ಡಿಗೆ ಕೂಳು ಬರದಿದ್ದರೂ ಆರಬಹುದು. ಎರಡನ್ನೂ ಬೇರೆ ಮಾಡಲು ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಹೋಗುವ 24 ಪಿನ್ನಿನ ದಪ್ಪ ಪ್ಲಗ್ಗನ್ನು ಕಿತ್ತ. ಅದರಲ್ಲಿ ಒಂದೇ ಒಂದು ಹಸಿರು ತಂತಿ ಇರುತ್ತದೆ, ಕಪ್ಪು ತಂತಿಗಳು ಹಲವು. ಹಸಿರನ್ನು ಯಾವುದಾದರೂ ಒಂದು ಕಪ್ಪಿಗೆ ಮುಟ್ಟಿಸಿದರೆ ‘ಏಳು’ ಎಂದು ಬೋರ್ಡೇ ಹೇಳಿದ ಹಾಗೆ, ಎಸ್‌ಎಂಪಿಎಸ್ ಒಂಟಿಯಾಗಿಯೇ ತಿರುಗತೊಡಗುತ್ತದೆ. ಕಾಗದದ ಯು-ಪಿನ್ನನ್ನು ನೆಟ್ಟಗೆ ಮಾಡಿ ಎರಡು ತೂತಿಗೆ ತುರುಕಿ, ಆಮೇಲೆ ಸ್ವಿಚ್ ಹಾಕಿದ. ಫ್ಯಾನ್ ಅಲುಗಲಿಲ್ಲ. ಮಲ್ಟಿಮೀಟರ್ ತೆಗೆದು ನೇರಳೆ ತಂತಿ ನೋಡಿದ. ಸದಾ ಎದ್ದಿರಬೇಕಾದ ಆ 5 ವೋಲ್ಟ್ ಬರಬೇಕಾದದ್ದು ಅಲ್ಲೇ. ಸೊನ್ನೆ.

‘ಎಸ್‌ಎಂಪಿಎಸ್ ಹೋಗಿದೆ ಅಕ್ಕಾ. ಬೋರ್ಡ್ ಬದುಕಿದ್ರೂ ಬದುಕಿರಬಹುದು’ ಎಂದ. ಅಂಗಡಿಯಿಂದ ತಂದಿದ್ದ ಇನ್ನೊಂದನ್ನು ಸಿಕ್ಕಿಸಿದ. ಅದಕ್ಕೂ ಮುಂಚೆ ಇಂಟರ್‌ನೆಟ್ಟಿನ ತಂತಿ ಕಿತ್ತಿಟ್ಟ. ನಿಜವಾದ ಸಿಡಿಲಾಗಿದ್ದರೆ ಅದು ಆ ದಾರಿಯಲ್ಲೂ ಬಂದಿರಬಹುದು. ಊರಲ್ಲಿ ತಾಮ್ರದ ಟೆಲಿಫೋನ್ ತಂತಿಯ ಮೂಲಕ ಇಂಟರ್‌ನೆಟ್ ಬರುತ್ತಿದ್ದ ಕಾಲದಲ್ಲಿ ಮಳೆಗಾಲಕ್ಕೆ ಮೊದಲು ಬಲಿಯಾಗುತ್ತಿದ್ದುದು ಮೋಡೆಮ್. ಇಲ್ಲಿ ರೂಟರ್‌ನ ಅಡಾಪ್ಟರ್ ಸುಟ್ಟಿತ್ತೇ ವಿನಾ ರೂಟರ್‌ಗೆ ಏನೂ ಆಗಿರಲಿಲ್ಲ. ಬಟನ್ ಒತ್ತಿದ. ಒಂದು ಬೀಪ್. ಫೈಲುಗಳೆಲ್ಲ ಇದ್ದವು.

ಸಾಮಾನ್ಯವಾಗಿ ಕತೆ ಇಲ್ಲಿಗೆ ಮುಗಿಯುತ್ತದೆ. ಹಳೇ ಎಸ್‌ಎಂಪಿಎಸ್ ಡಬ್ಬ ಗುಜರಿಗೆ, ಬಿಲ್ಲು ಆಕೆಗೆ, ಆಪಾದನೆ ಸಿಡಿಲಿಗೆ. ಆದರೆ ಎದುರು ಮನೆಯಲ್ಲಿ, ವಿದ್ಯುತ್ ಮಂಡಳಿ ಇನ್ನೂ ಕೆಇಬಿ ಆಗಿದ್ದ ಕಾಲದಲ್ಲಿ ಅಲ್ಲಿ ಕೆಲಸಕ್ಕೆ ಸೇರಿ ನಿವೃತ್ತರಾದ ರಾಯರೊಬ್ಬರಿದ್ದರು. ಸೋಮವಾರವಿಡೀ ಕೊಂಬೆ ಕಡಿಯುವುದನ್ನು ಕಟ್ಟೆಯ ಮೇಲೆ ನಿಂತು ‘ನೋಡಿಕೊಂಡ’ವರು. ‘ಆ ಡಬ್ಬ ಇಲ್ಲಿ ಕೊಡಪ್ಪ, ಏನಾಗಿದೆ ನೋಡೋಣ’ ಎಂದರು.

ಎಸ್‌ಎಂಪಿಎಸ್ ಬಿಚ್ಚುವುದು ಹುಡುಗಾಟವಲ್ಲ. 230 ವೋಲ್ಟ್ ಎನ್ನುವುದು ಎಸಿಯ ಒಂದು ಬಗೆಯ ಸರಾಸರಿ (ಆರ್‌ಎಂಎಸ್) ಲೆಕ್ಕ, ಅಲೆಯ ತುದಿ 325ಕ್ಕೆ ಮುಟ್ಟುತ್ತದೆ. ಒಳಗಿನ ದೊಡ್ಡ ಕೆಪಾಸಿಟರ್‌ಗಳು ಆ ತುದಿಯಷ್ಟನ್ನು ತುಂಬಿಟ್ಟುಕೊಂಡಿರುತ್ತವೆ. ಪ್ಲಗ್ ಕಿತ್ತಮೇಲೂ ಅದು ಒಮ್ಮೆಲೇ ಇಳಿಯುವುದಿಲ್ಲ. ರಾಯರು ಮೀಟರಿನಲ್ಲಿ ನೋಡಿ, ಇಳಿದಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೇ ಬೆರಳಿಟ್ಟರು. ಗಾಜಿನ ಫ್ಯೂಸು ಒಳಗೆಲ್ಲ ಕಪ್ಪಾಗಿತ್ತು. ಬರೀ ಹಳತಾಗಿ ಹೋಗುವ ಫ್ಯೂಸಿನಲ್ಲಿ ತಂತಿ ನಡುವೆ ಕಡಿದಿರುತ್ತದೆ, ಗಾಜು ಸ್ವಚ್ಛವಾಗಿರುತ್ತದೆ. ಗಾಜಿಗೆ ಮಸಿ ಮೆತ್ತಿದೆ ಎಂದರೆ ಮುಂದೆಲ್ಲೋ ನೇರ ಶಾರ್ಟ್ ಆಗಿದೆ. ಫ್ಯೂಸಿನ ಮಗ್ಗುಲಲ್ಲೇ, ಫೇಸಿಗೂ ನ್ಯೂಟ್ರಲ್‌ಗೂ ನಡುವೆ, ಎಂಟಾಣೆಗಿಂತ ಚಿಕ್ಕದಾದ ನೀಲಿ ಬಿಲ್ಲೆಯೊಂದು ಒಡೆದು ಕರಕಾಗಿತ್ತು. ಸುಡದೆ ಉಳಿದ ಅಂಚಿನಲ್ಲಿ 471 ಎಂಬ ಅಂಕಿ ಓದಲು ಬರುತ್ತಿತ್ತು.

ಈ ಬಿಲ್ಲೆಯ ಹುಟ್ಟಿಗೂ ಬೆಂಗಳೂರಿನ ಕರೆಂಟಿಗೂ ದೂರದ ನಂಟಿದೆ. 1902ರ ಜೂನ್ 30ರಂದು ಶಿವನಸಮುದ್ರದ ಕೇಂದ್ರ ಕರೆಂಟ್ ಕೊಡಲು ಶುರುಮಾಡಿದಾಗ ಅದರ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ಕರೆಂಟ್ ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು ಆಮೇಲೆ, 1905ರ ಆಗಸ್ಟ್ 5ರಂದು. 1892ರಲ್ಲಿ ಹುಟ್ಟಿದ ಚಾಮರಾಜಪೇಟೆ ಆ ಹೊತ್ತಿಗಾಗಲೇ ಎಣ್ಣೆದೀಪದಲ್ಲಿ ಹದಿಮೂರು ವರ್ಷ ಕಳೆದಿತ್ತು. ಬಯಲಲ್ಲಿ ಅಷ್ಟುದ್ದ ತಂತಿ ಎಳೆದರೆ ಮೋಡ ಸುಮ್ಮನಿರುತ್ತದೆಯೇ? ಲೈನಿಗೆ ಹೊಡೆದ ಸಿಡಿಲನ್ನು ಯಂತ್ರ ಮುಟ್ಟುವ ಮೊದಲೇ ನೆಲಕ್ಕೆ ಇಳಿಸುವುದು ಹೇಗೆ ಎಂಬುದು ಜಗತ್ತಿನ ಎಲ್ಲ ವಿದ್ಯುತ್ ಎಂಜಿನಿಯರುಗಳನ್ನೂ ಕಾಡಿದ ಪ್ರಶ್ನೆ. ಅವರಿಗೆ ಬೇಕಿದ್ದುದು ವಿಚಿತ್ರ ಗುಣದ ವಸ್ತು. ಮಾಮೂಲಿ ವೋಲ್ಟೇಜಿಗೆ ಅದು ಕಲ್ಲಿನ ಹಾಗೆ ಬಿದ್ದಿರಬೇಕು, ಮಿತಿ ಮೀರಿದರೆ ಆ ಕ್ಷಣವೇ ದಾರಿ ಬಿಡಬೇಕು, ಇಳಿದೊಡನೆ ಮತ್ತೆ ಕಲ್ಲಾಗಬೇಕು.

1930ರಲ್ಲಿ ಅದೇ ಜನರಲ್ ಎಲೆಕ್ಟ್ರಿಕ್‌ನ ಕೆ.ಬಿ. ಮೆಕ್‌ಈಕ್ರನ್ ಥೈರೈಟ್ ಎಂಬುದನ್ನು ಮುಂದಿಟ್ಟರು. ಸಾಣೆಕಲ್ಲಿಗೆ ಬಳಸುವ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಒತ್ತಿ ಸುಟ್ಟ ಬಿಲ್ಲೆ ಅದು. ಕೆಲಸ ಮಾಡುತ್ತಿತ್ತು, ಆದರೆ ಮಾಮೂಲಿ ವೋಲ್ಟೇಜಿನಲ್ಲೂ ಸೋರುತ್ತಿತ್ತು. ಹಾಗಾಗಿ ಅದನ್ನು ಲೈನಿಗೆ ನೇರ ಕಟ್ಟುವಂತಿರಲಿಲ್ಲ, ನಡುವೆ ಕಿಡಿ ಹಾರುವ ಸಂದು ಬಿಡಲೇಬೇಕಿತ್ತು. ಸುಮಾರು ನಲವತ್ತು ವರ್ಷ ಲೋಕ ಅದರಲ್ಲೇ ಸುಧಾರಿಸಿಕೊಂಡಿತು.

ತಿರುವು ಬಂದದ್ದು 1960ರ ದಶಕದ ಕೊನೆಗೆ, ಜಪಾನಿನ ಮತ್ಸುಶಿತ ಕಂಪನಿಯ ಪ್ರಯೋಗಾಲಯದಲ್ಲಿ. ಮಿಚಿಯೊ ಮತ್ಸುವೊಕ ಅಲ್ಲಿ ಸತುವಿನ ಆಕ್ಸೈಡ್ ಪುಡಿಗೆ ಬಿಸ್ಮತ್ ಆಕ್ಸೈಡನ್ನೂ, ಆಂಟಿಮನಿ, ಕೋಬಾಲ್ಟ್, ಮ್ಯಾಂಗನೀಸುಗಳ ಆಕ್ಸೈಡನ್ನೂ ಚಿಟಿಕೆ ಚಿಟಿಕೆ ಬೆರೆಸಿ ಸಾವಿರ ಡಿಗ್ರಿ ಮೀರಿದ ಕುಲುಮೆಯಲ್ಲಿ ಸುಡುತ್ತಿದ್ದರು. ಥೈರೈಟಿನಲ್ಲಿ ಕಾಣದಷ್ಟು ತೀಕ್ಷ್ಣ ಗುಣ ಆ ಬಿಲ್ಲೆಯಲ್ಲಿ ಕಂಡಿತು. ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಏರಿದರೆ ಥೈರೈಟಿನಲ್ಲಿ ಹರಿವು ಒಂದೂವರೆ ಪಟ್ಟಿನ ಆಸುಪಾಸಿಗೆ ಏರುತ್ತಿತ್ತು. ಈ ಹೊಸ ಬಿಲ್ಲೆಯ ಉತ್ತಮ ಮಾದರಿಗಳಲ್ಲಿ ಅದು ನೂರು ಪಟ್ಟು ದಾಟಿತು. 1971ರಲ್ಲಿ ಮತ್ಸುವೊಕ ಇದನ್ನು ಜಪಾನಿನ ಅನ್ವಯಿಕ ಭೌತಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷವೇ ಜನರಲ್ ಎಲೆಕ್ಟ್ರಿಕ್ ಪರವಾನಗಿ ಪಡೆದು ಎಂಒವಿ ಎಂಬ ಹೆಸರಲ್ಲಿ ಅದನ್ನು ಅಮೆರಿಕದ ಮಾರುಕಟ್ಟೆಗೆ ಬಿಟ್ಟಿತು. ಇಂದು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೈತುಂಬ ಎಣಿಸಿ ಕೊಡುವುದು ಅದರ ಮರಿಮಕ್ಕಳನ್ನೇ.

ಬಿಲ್ಲೆಯ ಒಳರಚನೆ ರವೆಉಂಡೆಯದು. ರವೆಕಾಳಿನ ಜಾಗದಲ್ಲಿ ಸತುವಿನ ಆಕ್ಸೈಡಿನ ಹರಳು, ಕಾಳಿಗೆ ಕಾಳು ಅಂಟಿಸುವ ತುಪ್ಪದ ಜಾಗದಲ್ಲಿ ಬಿಸ್ಮತ್ತಿನ ತೆಳುಪದರ. ಹರಳಿನ ಒಳಗೆ ಕರೆಂಟ್ ಸಲೀಸಾಗಿ ಓಡುತ್ತದೆ, ಎರಡು ಹರಳು ಸೇರುವ ಗಡಿಯಲ್ಲಿ ತಡೆ. ಆ ಒಂದೊಂದು ಗಡಿಯೂ ಸುಮಾರು 3 ವೋಲ್ಟ್ ತಡೆಯುತ್ತದೆ, ಅದಕ್ಕೂ ಮೀರಿದರೆ ಬಾಗಿಲು ತೆರೆದುಬಿಡುತ್ತದೆ. ಬಿಲ್ಲೆಯ ದಪ್ಪದಲ್ಲಿ ಸಾಲಾಗಿ ನೂರೈವತ್ತರಷ್ಟು ಗಡಿಗಳು ಬರುವಂತೆ ಸುಟ್ಟರೆ 470 ವೋಲ್ಟಿನ ಬಿಲ್ಲೆ ತಯಾರು. 471ರ ಅರ್ಥವೂ ಅದೇ, 47ರ ಮುಂದೆ ಒಂದು ಸೊನ್ನೆ. 230ರ ಲೈನಿನ ತುದಿ 325 ತಾನೇ, ಹಾಗಾಗಿ ಮಾಮೂಲಿ ದಿನಗಳಲ್ಲಿ ಬಿಲ್ಲೆಗೆ ಕೆಲಸವಿಲ್ಲ.

ಇಲ್ಲಿಗೆ ರಾಯರು ನಿಂತರು. ಸಿಡಿಲಿನ ಹೊಡೆತ ಎಷ್ಟೇ ಎತ್ತರದ್ದಾಗಿದ್ದರೂ ಅದರ ಆಯುಸ್ಸು ಮೈಕ್ರೊಸೆಕೆಂಡುಗಳ ಲೆಕ್ಕದ್ದು. ಇಂಥ ಬಿಲ್ಲೆ ಹುಟ್ಟಿರುವುದೇ ಆ ಕ್ಷಣಾರ್ಧದ ಹೊಡೆತವನ್ನು ನುಂಗಲು. ಸಿಡಿಲು ತೀರಾ ಹತ್ತಿರ ಬಿದ್ದರೆ ಅದು ಚೂರಾಗುವುದೂ ಉಂಟು. ಆದರೆ ಇದು ಸಿಡಿದ ಹಾಗಿರಲಿಲ್ಲ, ಬೆಂದ ಹಾಗಿತ್ತು. ಸುತ್ತಲಿನ ಬೋರ್ಡು ಕಂದುಗಟ್ಟಿತ್ತು. ಬಹಳ ಹೊತ್ತು, ಎಂದರೆ ಕೆಲವು ಸೆಕೆಂಡಾದರೂ, ಇದರ ಮೇಲೆ ಅತಿ ವೋಲ್ಟೇಜ್ ನಿಂತಿರಬೇಕು. ಸಿಡಿಲು ಸೆಕೆಂಡುಗಟ್ಟಲೆ ನಿಲ್ಲುವುದಿಲ್ಲ.

‘ಆ ಹೊತ್ತಲ್ಲಿ ಮನೇಲಿ ಏನೇನಾಯ್ತು, ಒಂದೊಂದೇ ಹೇಳಿ ನೋಡೋಣ’ ಎಂದರು.

ಆಕೆ ನೆನಪಿಸಿಕೊಂಡರು. ಹೊರಗೆ ಏನೋ ಮುರಿದು ಬಿದ್ದ ಸದ್ದು. ದೀಪ ಝಗ್ ಎಂದಿತು. ಫ್ಯಾನ್ ಹುಚ್ಚು ಹಿಡಿದಂತೆ ತಿರುಗಿತು. ಫ್ರಿಜ್ಜಿನ ಸ್ಟೆಬಿಲೈಜರ್ ಟಕ್ ಎಂದು ಕಟ್ ಆಯಿತು. ಎಲ್‌ಇಡಿ ಬಲ್ಬ್ ಹೋಯಿತು. ಕಂಪ್ಯೂಟರ್ ಮೇಜಿನ ಕಡೆಯಿಂದ ಫಟ್ ಎಂದು ಸದ್ದು, ಸುಟ್ಟ ವಾಸನೆ. ಹೆದರಿ ಓಡಿಹೋಗಿ ಮೇನ್ ಆಫ್ ಮಾಡಿದರು.

‘ಫ್ಯಾನ್ ಜೋರಾಗಿ ತಿರುಗಿದ್ದು ಕಣ್ಣಾರೆ ಕಂಡ್ರಾ?’

‘ಕಂಡೆ ರಾಯರೇ. ಕಳಚಿ ತಲೆ ಮೇಲೆ ಬೀಳತ್ತೇನೋ ಅಂದ್ಕೊಂಡೆ.’

ಅಷ್ಟು ಭಾರದ ಫ್ಯಾನಿಗೆ ವೇಗ ಏರಿಸಿಕೊಳ್ಳಲು ಸೆಕೆಂಡುಗಳೇ ಬೇಕು. ಸಿಡಿಲಿನ ಕೈಲಿ ಆ ಕೆಲಸ ಆಗುವಂಥದ್ದಲ್ಲ. ಇಷ್ಟರಲ್ಲಿ ಮೇಲಿನ ಮನೆಯ ಯಜಮಾನರು ಮೆಟ್ಟಿಲಿಳಿದು ಬಂದು ಬಾಯಿ ಹಾಕಿದರು. ‘ನಮ್ಮನೇಲಿ ಉಲ್ಟಾ ಸಾರ್, ಲೋ ವೋಲ್ಟೇಜು. ಮಗ ಮಳೇಲಿ ನೆಂದು ಬಂದಿದ್ದ, ಗೀಸರ್ ಹಾಕಿದ್ವಿ, ನೀರು ಬೆಚ್ಚಗೂ ಆಗ್ಲಿಲ್ಲ. ದೀಪ ಎಲ್ಲಾ ಹೋಗಿ ದೇವರ ಮನೆ ಜೀರೊ ಬಲ್ಬ್ ಒಂದು ಕೆಂಪಗೆ ಮಿಣುಕ್ತಾ ಇತ್ತು. ಆಮೇಲೆ ಅದೂ ಹೋಯ್ತು.’

‘ಅದು ಯಾವಾಗ ಹೋಯ್ತು?’

‘ಇವರು ಕೆಳಗೆ ಮೇನ್ ಇಳಿಸಿದ ಸದ್ದು ಕೇಳಿಸ್ತಲ್ಲ, ಆಗಲೇ.’

ಈ ಒಂದು ಮಾತಿನಲ್ಲಿ ಇಡೀ ಸಂಗತಿ ಬಯಲಾಯಿತು. ಕೆಳಗಿನ ಮನೆಗೊಂದು ಮೀಟರು, ಮೇಲಿನ ಮನೆಗೊಂದು. ಇವರದು ಒಂದು ಫೇಸ್, ಅವರದು ಇನ್ನೊಂದು. ಕೆಳಗೆ ಮೇನ್ ಆರಿಸಿದರೆ ಮೇಲಿನ ಬಲ್ಬ್ ಆರಬಾರದು. ಆರಿತು ಎಂದರೆ ಮೇಲಿನ ಮನೆಯ ಕರೆಂಟ್ ಆ ಹೊತ್ತಿಗೆ ಕೆಳಗಿನ ಮನೆಯ ಮೂಲಕ ಹರಿಯುತ್ತಿತ್ತು.

ನಮ್ಮ ಬೀದಿಕಂಬದಿಂದ ಕಟ್ಟಡಕ್ಕೆ ಬರುವ ಸರ್ವೀಸ್ ವೈರಿನಲ್ಲಿ ಫೇಸುಗಳು ಬೇರೆಬೇರೆ, ಹಿಂದಿರುಗುವ ದಾರಿಯಾದ ನ್ಯೂಟ್ರಲ್ ಎಲ್ಲರಿಗೂ ಒಂದೇ. ಯಾವ ಫೇಸಿನಿಂದ ನ್ಯೂಟ್ರಲ್‌ಗೆ ಅಳೆದರೂ 230 ವೋಲ್ಟ್, ಫೇಸಿನಿಂದ ಫೇಸಿಗೆ ಅಳೆದರೆ 400. ಭಾನುವಾರ ಬಿದ್ದ ಕೊಂಬೆ ಫೇಸುಗಳನ್ನು ಬಿಟ್ಟು ನ್ಯೂಟ್ರಲ್ ಒಂದನ್ನೇ ಹರಿದಿತ್ತು. ಮರಳುವ ದಾರಿ ಮುಚ್ಚಿದ ಮೇಲೆ ಮೇಲಿನ ಮನೆ, ಕೆಳಗಿನ ಮನೆ ಎರಡೂ ಒಂದರ ಹಿಂದೊಂದು ಸಾಲಾಗಿ 400 ವೋಲ್ಟಿಗೆ ಸಿಕ್ಕಿಬಿದ್ದವು.

‘ಸರಿ ಸಾರ್. ಕರೆಂಟ್ ಜಾಸ್ತಿ ಎಳೆಯೋದು ನಮ್ಮ ಗೀಸರು. ಅಂದ್ಮೇಲೆ ಅವರಿಗೆ ಕಡಿಮೆ ಆಗ್ಬೇಕಲ್ವಾ? ಜಾಸ್ತಿ ಹೆಂಗಾಯ್ತು?’ ಎಂದು ಮೇಲಿನವರು ಪಟ್ಟು ಹಿಡಿದರು. ಒಳ್ಳೆಯ ಪ್ರಶ್ನೆ. ಎಂಜಿನಿಯರಿಂಗ್ ಓದಿದವರೂ ಇಲ್ಲಿ ಒಂದು ಕ್ಷಣ ತಡವರಿಸುತ್ತಾರೆ. ರಾಯರು ಜಗಲಿಯ ರೆಡ್ ಆಕ್ಸೈಡ್ ನೆಲದ ಮೇಲೆ ರಂಗೋಲಿ ಸೀಮೆಸುಣ್ಣದಿಂದಲೇ ಲೆಕ್ಕ ಬರೆದರು. 2000 ವಾಟಿನ ಗೀಸರ್ ಒಡ್ಡುವ ತಡೆ ಸುಮಾರು 26 ಓಮ್. ಕೆಳಗೆ ಫ್ಯಾನು, ದೀಪ, ಚಿಲ್ಲರೆ ಪಲ್ಲರೆ ಸೇರಿ 200 ವಾಟ್ ಎಂದರೂ ತಡೆ 264 ಓಮ್. ಸಾಲಾಗಿ ಕಟ್ಟಿದಾಗ ಯಾರ ತಡೆ ಹೆಚ್ಚೋ ವೋಲ್ಟೇಜಿನ ಹೆಚ್ಚು ಪಾಲು ಅವರಿಗೇ. ಗೀಸರ್ ಮನೆಗೆ 36 ವೋಲ್ಟ್, ಕಂಪ್ಯೂಟರ್ ಮನೆಗೆ 364. ಅದರ ತುದಿ 514. ಬಿಲ್ಲೆಯ ಗಡಿ 470. ಪ್ರತಿ ಅಲೆಯ ಎರಡೂ ತುದಿಯಲ್ಲಿ, ಎಂದರೆ ಸೆಕೆಂಡಿಗೆ ನೂರು ಸಲ, ಬಿಲ್ಲೆ ಬಾಗಿಲು ತೆರೆದು ತೆರೆದು ಕಾದು, ಕೊನೆಗೆ ಕರಗಿ ಶಾರ್ಟ್ ಆಯಿತು, ಫ್ಯೂಸನ್ನೂ ಕರೆದುಕೊಂಡು ಹೋಯಿತು. ಸ್ಪೈಕ್ ಬಸ್ಟರ್ ಒಳಗೂ ಇದ್ದದ್ದು ಅಂಥದೇ ಬಿಲ್ಲೆ, ಅದೂ ಅದೇ ಹಾದಿ ಹಿಡಿದಿತ್ತು. ಅಂಗಡಿಯಲ್ಲಿ ಅದನ್ನು ಸಕಲ ರೋಗಕ್ಕೂ ಮದ್ದು ಎಂಬಂತೆ ಮಾರುತ್ತಾರೆ. ಕ್ಷಣದ ಹೊಡೆತಕ್ಕೆ ಅದು ಸರಿ, ನ್ಯೂಟ್ರಲ್ ಹರಿದರೆ ಏನೂ ಮಾಡಲಾರದು.

ಹಾಗೆ ನೋಡಿದರೆ ಆಕೆಯ ಅದೃಷ್ಟ ದೊಡ್ಡದು. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಬಿಲ್ಲೆಯ ಗುರುತು ಬೋರ್ಡಿನ ಮೇಲೆ ಅಚ್ಚಾಗಿರುತ್ತದೆ, ತೂತೂ ಇರುತ್ತದೆ, ಬಿಲ್ಲೆ ಮಾತ್ರ ಇರುವುದಿಲ್ಲ. ಕೆಲವು ರೂಪಾಯಿ ಉಳಿಸುವ ಜಾಣತನ. ಇದೂ ಹಾಗೆ ಖಾಲಿಯಾಗಿದ್ದರೆ ಕೆಪಾಸಿಟರು, ಸ್ವಿಚಿಂಗ್ ಟ್ರಾನ್ಸಿಸ್ಟರು ಒಂದರ ಹಿಂದೊಂದು ಹೋಗಿ, ಕೊನೆಗೆ ಮದರ್‌ಬೋರ್ಡಿನ ಸರದಿಯೂ ಬರಬಹುದಿತ್ತು.

ನ್ಯೂಟ್ರಲ್ ಹರಿದದ್ದನ್ನು ಗುರುತಿಸಲು ಮನೆಯಲ್ಲಿರುವ ಟೆಸ್ಟರೇ ಸಾಕು, ಓದುವುದು ಗೊತ್ತಿರಬೇಕಷ್ಟೆ. ಮಾಮೂಲಿಯಾಗಿ ಸಾಕೆಟ್ಟಿನ ಒಂದು ತೂತಿನಲ್ಲಿ ಅದು ಉರಿಯುತ್ತದೆ, ಇನ್ನೊಂದರಲ್ಲಿ ಉರಿಯುವುದಿಲ್ಲ. ಎರಡು ತೂತಿನಲ್ಲೂ ಉರಿದರೆ ‘ಕರೆಂಟ್ ಚೆನ್ನಾಗಿದೆ’ ಎಂದುಕೊಳ್ಳಬಾರದು. ಅದು ನ್ಯೂಟ್ರಲ್ ಕಡಿದಿದೆ ಎಂಬ ಲಕ್ಷಣ, ಕೂಡಲೇ ಮೇನ್ ಇಳಿಸಿ ಲೈನ್‌ಮನ್‌ಗೆ ಹೇಳಬೇಕು. ಕಂಬದತ್ತ ನೋಡಿದರೆ ಸೋಮವಾರ ಹಾಕಿದ ಹೊಸ ಜಾಯಿಂಟ್ ಒಂದೇ ಒಂದು ತಂತಿಯ ಮೇಲೆ ಹೊಳೆಯುತ್ತಿತ್ತು. ಎಲ್ಲರೂ ಆ ತಂತಿಯ ಕೆಳಗೇ ನಿಂತು ಸಿಡಿಲನ್ನು ಬೈದಿದ್ದರು.

ರಾಯರು ಅಲ್ಲಿಗೇ ಬಿಡಲಿಲ್ಲ. ಉಬ್ಬದ ಕೆಪಾಸಿಟರ್‌ಗಳನ್ನು ಕಂಡು ಆಸೆ ಹುಟ್ಟಿ, ರಿಪೇರಿ ಹುಡುಗನ ಕೈಲಿ ಎಸ್.ಪಿ. ರೋಡಿನಿಂದ ಹೊಸ ಬಿಲ್ಲೆ, ಹೊಸ ಫ್ಯೂಸು ತರಿಸಿ ಬೆಸುಗೆ ಹಾಕಿಸಿದರು. ನೇರ ಲೈನಿಗೆ ಕೊಡದೆ, ಹಳೇ 100 ವಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಕಟ್ಟಿ ಸ್ವಿಚ್ ಹಾಕಿಸಿದರು. ಶಾರ್ಟ್ ಇನ್ನೂ ಉಳಿದಿದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ನೇರಳೆ ತಂತಿಯಲ್ಲಿ 5 ವೋಲ್ಟ್ ಬಂತು. ಹುಡುಗ ತನ್ನ ಎಸ್‌ಎಂಪಿಎಸ್ ಬಿಚ್ಚಿಕೊಂಡು, ಬರೀ ಕೂಲಿ ಈಸಿಕೊಂಡು ಹೋದ.

ಆ ವಾರವೇ ಕೆಳಗಿನ ಮೀಟರ್ ಬೋರ್ಡಿನ ಪಕ್ಕಕ್ಕೆ ವೋಲ್ಟೇಜ್ ಪ್ರೊಟೆಕ್ಟರ್ ಬಂದು ಕೂತಿತು. ವೋಲ್ಟೇಜ್ ಅತಿಯಾಗಿ ಏರಿದರೂ ಇಳಿದರೂ ಮನೆಯನ್ನೇ ಲೈನಿನಿಂದ ಬಿಡಿಸಿಬಿಡುವ ಪೆಟ್ಟಿಗೆ ಅದು. ಮೇಲಿನವರು ‘ನಮಗ್ಯಾಕೆ, ನಮ್ಮದೇನೂ ಸುಟ್ಟಿಲ್ವಲ್ಲ’ ಎಂದು ಮೊದಲು ಸುಮ್ಮನಿದ್ದರು. ಮುಂದಿನ ಸಲ ನ್ಯೂಟ್ರಲ್ ಹರಿಯುವ ಹೊತ್ತಿಗೆ ಗೀಸರ್ ಯಾರ ಮನೆಯಲ್ಲಿ ಆನ್ ಆಗಿರುತ್ತದೋ ಹೇಳಲಾಗದು ಎಂದು ರಾಯರು ನೆನಪಿಸಿದ ಮೇಲೆ ಅವರೂ ಒಂದನ್ನು ಹಾಕಿಸಿಕೊಂಡರು.